ಎರಡನೇ ಚಾನೆಲ್ಲಿನ ಟಿಕ್ ಟಿಕ್

ವಿಕಿರಣ ಸೂಸುವ ಗುಂಡಿಯೊಂದನ್ನು ವರ್ಕ್‌ಶಾಪಿನ ನೆಲಕ್ಕೆ ಬೀಳಿಸಿ, ಅದು ಬೆಂಚಿನ ಕೆಳಗೆ ಉರುಳಿಹೋದಾಗ ಕಸಪೊರಕೆಯಲ್ಲಿ ಗುಡಿಸಿ ಈಚೆ ತೆಗೆದು, ಆಮೇಲೆ ಏನೂ ಆಗದವನ ಹಾಗೆ ಸಿಳ್ಳೆ ಹಾಕುತ್ತಾ ಕೂತ ಮಹಾನುಭಾವ ನಾನೇ. ಇದಕ್ಕಿಂತ ದೊಡ್ಡ ಪೆದ್ದುತನ ಮಾಡಿದವರು ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬಂದು ನನ್ನನ್ನು ಕಾಣಬೇಕು. ಒಬ್ಬನೇ ಇದ್ದು ಬೇಜಾರಾಗಿದೆ.

ಬೀಳಿಸಿದ್ದು ಶೋಕಿಗೆ. ಗುಂಡಿ ಎಂದರೆ ಅಂಗಿಯ ಗುಂಡಿಯಷ್ಟೇ ಗಾತ್ರ, ಮೇಲೆ ಹಿತ್ತಾಳೆಯ ಹೊದಿಕೆ. ಒಳಗೆ ಇರುವುದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಸೀಸದ ಡಬ್ಬಿಯಲ್ಲಿ ಅದರ ವಾಸ. ಉದ್ದನೆಯ ಇಕ್ಕಳದಲ್ಲೇ ತೆಗೆಯಬೇಕು, ಇಕ್ಕಳದಲ್ಲೇ ಇಡಬೇಕು ಎಂದು ನಮ್ಮ ಇಂಜಿನಿಯರು ಬರೆದ ಚೀಟಿಯನ್ನು ಡಬ್ಬಿಯ ಮೇಲೆಯೇ ಅಂಟಿಸಿದ್ದರು. ಚೀಟಿಯಲ್ಲಿ ಇಕ್ಕಳವನ್ನು ಗಾಳಿಯಲ್ಲಿ ತಿರುಗಿಸಬಾರದು ಎಂದು ಬರೆದಿರಲಿಲ್ಲ. ನಾನು ಬಾಣಲೆಯಿಂದ ಬೋಂಡ ಎತ್ತುವ ಭಟ್ಟರ ಹಾಗೆ ಒಂದು ಸುತ್ತು ತಿರುಗಿಸಿದೆ. ನೋಡಿ ಮೆಚ್ಚುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ ಎಂಬುದು ನನ್ನ ಬುದ್ಧಿಯ ಮಟ್ಟಕ್ಕೆ ಸಾಕ್ಷಿ. ಗುಂಡಿ ಜಾರಿತು, ಟಣ್ ಎಂದಿತು, ಉರುಳಿತು.

ಹೊದಿಕೆಯ ಅಂಚಿನಲ್ಲಿ ಒಂದು ತಗ್ಗು ಬಿದ್ದಿತ್ತು. ಅದು ಮೊದಲೇ ಇತ್ತೋ, ಈಗ ಬಿತ್ತೋ ಗೊತ್ತಿಲ್ಲ. ಮೊದಲೇ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಪೊರಕೆಯನ್ನು ಅದರ ಮೂಲೆಗೆ ಇಟ್ಟೆ. ಹತ್ತು ನಿಮಿಷ ಬಿಟ್ಟು, ಯಂತ್ರಗಳಿಗೆ ತಂತಿ ಜೋಡಿಸುವ ನಮ್ಮ ವೈರಿಂಗ್ ಅಕ್ಕ ಬಂದು ಅದೇ ಪೊರಕೆಯಲ್ಲಿ ತನ್ನ ಸ್ಟೂಲಿನ ಸುತ್ತ ಗುಡಿಸಿಕೊಂಡಳು. ನಾನು ನೋಡುತ್ತಾ ಕೂತಿದ್ದೆ.

ಯಶವಂತಪುರ ಸ್ಟೇಷನ್ನಿನ ಹಿಂದೆ ಹೆಂಚಿನ ಮಾಡಿನ ಉದ್ದ ಶೆಡ್ಡು ನಮ್ಮ ವರ್ಕ್‌ಶಾಪು. ಕೋಗಿಲಿನಿಂದ ಸೈಕಲ್ ತುಳಿದುಕೊಂಡು ಹೆಬ್ಬಾಳದ ಕೆರೆ ಏರಿ ದಾಟಿ ಬರುವಷ್ಟರಲ್ಲಿ ನನ್ನ ಅಂಗಿ ಹಿಂಡುವ ಹಾಗಾಗಿರುತ್ತಿತ್ತು. ಒಳಗೆ ನಾವು ಮೂರೇ ಜನ: ನಾನು, ಫೋರ್ಮನ್ನು, ವೈರಿಂಗ್ ಅಕ್ಕ. ಇಂಜಿನಿಯರು ಬರುತ್ತಾ ಹೋಗುತ್ತಾ ಇರುತ್ತಿದ್ದರು. ಆಗ ಮಾಡುತ್ತಿದ್ದದ್ದು ಒಂದು ಆಸ್ಪತ್ರೆಯ ಲ್ಯಾಬಿಗೆ ಎಣಿಕೆ ಯಂತ್ರ. ವಿಕಿರಣ ಬಡಿದಾಗೆಲ್ಲ ಒಂದು ಟ್ಯೂಬು ಚಿಕ್ಕ ವಿದ್ಯುತ್ತಿನ ಏಟು ಕೊಡುತ್ತದೆ; ಅದನ್ನು ದೊಡ್ಡದು ಮಾಡಿ, ಚೂಪು ಮಾಡಿ, ಎಣಿಸಿ ತೋರಿಸುವುದು ಯಂತ್ರದ ಕೆಲಸ. ಎರಡು ಟ್ಯೂಬು, ಎರಡು ಚಾನೆಲ್ಲು. ಒಂದಕ್ಕೆ ಎ, ಇನ್ನೊಂದಕ್ಕೆ ಬಿ. ಎ ಟ್ಯೂಬು ಸ್ಟ್ಯಾಂಡಿಗೆ ಬಿಗಿದಿರುತ್ತದೆ. ಬಿ ಟ್ಯೂಬನ್ನು ಆರಡಿ ಕೇಬಲ್ಲಿನ ತುದಿಯಲ್ಲಿ ಕೈಯಲ್ಲಿ ಹಿಡಿದು ಎಲ್ಲಿ ಬೇಕೋ ಅಲ್ಲಿ ನೋಡಬಹುದು. ಅದು ಎಣಿಸಿದಾಗೆಲ್ಲ ಟಿಕ್ ಎನ್ನಲು ಒಂದು ಪುಟ್ಟ ಸ್ಪೀಕರು. ಎಲ್ಲ ಟ್ರಾನ್ಸಿಸ್ಟರಿನದೇ. ನಮ್ಮೂರಲ್ಲಿ ಟ್ರಾನ್ಸಿಸ್ಟರ್ ಎಂದರೆ ಈಗಲೂ ಹಾಡು ಬರುವ ಪೆಟ್ಟಿಗೆ. "ಅದರಾಗೆ ಯಾವ ಆಡು ಬತ್ತದೆ?" ಎಂದು ನಮ್ಮವ್ವ ಕೇಳಿದ್ದಳು. ಟಿಕ್ ಟಿಕ್ ಅನ್ನುತ್ತೆ ಎಂದಾಗ, "ಇಂಗೆ ಟಿಕ್ ಟಿಕ್ ಅನ್ನಕ್ಕೆ ಅಷ್ಟು ಜನ ಬೇಕಾ?" ಎಂದಳು.

ಅವ್ವ ಹೂ ಕಟ್ಟುತ್ತಾಳೆ. ನಾನೂ ಐದನೇ ವಯಸ್ಸಿನಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಬೆಳೆದವನು. ಯಂತ್ರದೊಳಗಿನ ತಂತಿಗಳನ್ನು ಮೇಣದ ದಾರದಲ್ಲಿ ಗಂಟು ಗಂಟಾಗಿ ಸೇರಿಸಿ ಕಟ್ಟುವ ಕೆಲಸ ನನ್ನ ಕೈಗೆ ಸಿಕ್ಕಿದಾಗ ಏನಾಗಿರಬೇಕು ನೀವೇ ಊಹಿಸಿ. ಹಿಂದೆ ಒಂದು ಕಡೆ ರಿಲೇ ಬೋರ್ಡು, ಅಂದರೆ ಕರೆಂಟು ಕೊಟ್ಟಾಗ ಟಕ್ಕೆಂದು ಬಡಿಯುವ ಸ್ವಿಚ್ಚುಗಳ ಹಲಗೆ, ಕಟ್ಟುತ್ತಿದ್ದಾಗ ನನ್ನ ಕಟ್ಟು ನೋಡುವುದಕ್ಕೆ ಬೇರೆ ಸೆಕ್ಷನ್ನಿನವರು ಬರುತ್ತಿದ್ದರು. ಅಕ್ಕ ಕಟ್ಟಿದ ಸೆಟ್ಟುಗಳನ್ನು ಇಲ್ಲಿಗೆ ಬಂದ ದಿನ ನೋಡಿ ನಗು ತಡೆಯಲಾಗಲಿಲ್ಲ. ಒಂದು ತಂತಿ ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ಎರಡು ಸೇರುವ ಕಡೆ ಅಡ್ಡಡ್ಡ ದಾಟಿ ಓಡಿಹೋಗುತ್ತವೆ, ಜಗಳ ಆಡಿದ ಓರಗಿತ್ತಿಯರ ಹಾಗೆ. ನಡುವೆ ಅಲ್ಲಲ್ಲಿ ಯಾವ ಕೆಲಸವೂ ಇಲ್ಲದ ಬೋಳು ತಂತಿ.

"ಏನಕ್ಕಾ ಇದು, ಕಾಗೆ ಗೂಡು?" ಎಂದೆ.

"ಮೊಟ್ಟೆ ಇಟ್ಟಾಗ ಹೇಳ್ತೀನಿ, ಬಂದು ಕಾವು ಕೊಡು," ಎಂದು ಅವಳು ತಲೆ ಎತ್ತದೆ ಸೋಲ್ಡರಿಂಗ್ ಮುಂದುವರಿಸಿದಳು.

ಲ್ಯಾಬಿನವರು ನೋಡಲು ಬರುವ ಸೆಟ್ಟನ್ನು ನಾನು ಕಟ್ಟುತ್ತೇನೆ ಎಂದು ಫೋರ್ಮನ್ನರ ಬೆನ್ನು ಹತ್ತಿದೆ. ಅವರಿಗೂ ಅಂದ ಬೇಕಿತ್ತು, ಒಪ್ಪಿದರು. ಅಕ್ಕ ಒಮ್ಮೆ ಬಂದು, "ಆ ಬಿಳೀದನ್ನೂ ಹಳದೀದನ್ನೂ ಒಟ್ಟಿಗೆ ಹಾಕ್ಬೇಡ ಕಣಪ್ಪ," ಎಂದಳು. "ಬಣ್ಣ ಹೊಂದಲ್ವಾ ಅಕ್ಕಾ?" ಎಂದು ನಾನು ನಕ್ಕೆ. ಅವಳು ಹೋದಳು. ಎ ಚಾನೆಲ್ಲಿನ ಬಿಳಿ ತಂತಿ, ಬಿ ಚಾನೆಲ್ಲಿನ ಹಳದಿ ತಂತಿ, ಜೊತೆಗೆ ಇನ್ನೂ ಎಂಟು ತಂತಿ. ಎಲ್ಲವನ್ನೂ ಮೊಳದುದ್ದ ಒಂದೇ ಹುರಿಯಾಗಿ, ಬೆರಳಗಲಕ್ಕೊಂದು ಗಂಟು ಹಾಕಿ, ಮುಡಿಗೆ ಮುಡಿಸಬೇಕು ಅನ್ನುವ ಹಾಗೆ ಕಟ್ಟಿದೆ. ಒಂದೊಂದೇ ಚಾನೆಲ್ಲನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದಾಗ ಎರಡೂ ಸರಿಯಾಗಿದ್ದವು. ಎರಡನ್ನೂ ಒಟ್ಟಿಗೆ ನಡೆಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಗುಂಡಿ ಬಿದ್ದದ್ದು ಅದರ ಮರುದಿನ ಬೆಳಿಗ್ಗೆ. ಎ ಟ್ಯೂಬಿನ ಕೆಳಗೆ ಗುಂಡಿ ಇಟ್ಟು ಸಾಯಂಕಾಲದವರೆಗೆ ನಿಲ್ಲಿಸದೆ ಎಣಿಸಬೇಕೆಂಬುದು ಇಂಜಿನಿಯರ ಅಪ್ಪಣೆ. ಗುಡಿಸಿ ತೆಗೆದ ಗುಂಡಿಯನ್ನು ಇಕ್ಕಳದಲ್ಲಿ ಸ್ಟ್ಯಾಂಡಿಗೆ ಸೇರಿಸಿ ನಾನು ದೂರ ಹೋಗಿ ಕೂತೆ. ಹನ್ನೊಂದೂವರೆಯ ಹೊತ್ತಿಗೆ ಫೋರ್ಮನ್ನು, "ಬಿ ಕೂಡ ಹಾಕು ಮಗಾ, ಸ್ಪೀಕರ್ ಕೇಳೋಣ," ಎಂದರು.

ಹಾಕಿದೆ. ಸುತ್ತ ಏನೂ ಇಲ್ಲದಾಗಲೂ ಇಂಥ ಟ್ಯೂಬು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತದೆ. ಗಾಳಿ, ನೆಲ, ಆಕಾಶ ಎಲ್ಲದರಲ್ಲೂ ಒಂದಿಷ್ಟು ಇದ್ದೇ ಇರುತ್ತದಂತೆ. ನಾನು ಕಾದದ್ದು ಅಂಥ ಸೋಮಾರಿ ಟಿಕ್‌ಗೆ. ಬಂದದ್ದು ಬಾಣಲೆಗೆ ಸಾಸಿವೆ ಹಾಕಿದ ಸದ್ದು.

ಟ್ಯೂಬನ್ನು ಬಲಗೈಗೆ ಹಿಡಿದೆ: ಚಟಚಟಚಟ. ಎಡಗೈಗೆ ಹಿಡಿದೆ: ಚಟಚಟಚಟ. ಅಂಗಿ, ಚಪ್ಪಲಿ, ಮೊಸರನ್ನದ ಡಬ್ಬಿ, ಎಲ್ಲದಕ್ಕೂ ಅದೇ ಸದ್ದು. ಒಡೆದ ಗುಂಡಿಯ ಪುಡಿ ಶೆಡ್ಡಿನ ತುಂಬ ಹರಡಿದೆ, ಹರಡಿದ ಪೊರಕೆ ಹಿಡಿದ ಕೈ ನನ್ನದು. ಬೆಳಿಗ್ಗೆಯಿಂದ ಆ ಕೈಯಲ್ಲಿ ನಾನು ಮುಟ್ಟಿದ್ದನ್ನು ಲೆಕ್ಕ ಹಾಕಿದೆ. ಮೂಗು ಮೂರು ಸಲ. ಬೆಲ್ಲದ ಕಾಫಿ ಒಂದು ಲೋಟ. ತಲೆ ಬಾಚಿಕೊಂಡದ್ದು ಎರಡು ಸಲ. ತಕ್ಷಣ ಬಾಚಣಿಗೆ ತೆಗೆದು ನೋಡಿದೆ, ಅದರಲ್ಲಿ ಎರಡು ಕೂದಲಿತ್ತು. ದಿನಾ ಎರಡು ಇರುತ್ತಿತ್ತೋ, ಇವತ್ತೇ ಶುರುವೋ? ಸಂಜೆಯೊಳಗೆ ಬೋಳಾಗಿ, ನಾಳೆ ಕೋಗಿಲಿನಲ್ಲಿ ಹಸಿರು ಬಣ್ಣದಲ್ಲಿ ಹೊಳೆಯುತ್ತಾ ಮಲಗಿರುವ ನನ್ನ ಹೆಣ ಕಣ್ಣ ಮುಂದೆ ಬಂತು.

"ಏನೋ ಅದು ಸದ್ದು?" ಫೋರ್ಮನ್ನು ಬಂದರು. ಟ್ಯೂಬನ್ನು ಕಿತ್ತುಕೊಂಡು ತಮ್ಮ ಕೈಗೆ ಹಿಡಿದರು, ಎದೆಗೆ ಹಿಡಿದರು, ಕೊನೆಗೆ ಮೀಸೆಗೆ ಹಿಡಿದರು. "ಅಯ್ಯಯ್ಯೋ, ಮೀಸೆಗೂ ಹತ್ತಿದೆಯಲ್ಲೋ!"

ಅಕ್ಕ ಎದ್ದು ಬಂದು ಎರಡೂ ಅಂಗೈ ಚಾಚಿದಳು. ಅದೇ ಸಾಸಿವೆ. ಸೀರೆಯ ಸೆರಗು ತೋರಿಸಿದಳು. ಅದಕ್ಕೂ ಅದೇ. ಕೈಗಳನ್ನು ಮೈಗೆ ತಾಗದ ಹಾಗೆ ಮುಂದಕ್ಕೆ ಹಿಡಿದುಕೊಂಡೇ ಸ್ಟೂಲಿಗೆ ಹೋಗಿ ಕೂತಳು.

"ಗುಂಡಿ ಸರಿಯಾಗಿದ್ಯೇನೋ? ಏನಾದ್ರೂ ಆಯ್ತಾ ಅದಕ್ಕೆ?" ಫೋರ್ಮನ್ನು ನನ್ನ ಕಣ್ಣು ನೋಡಿಯೇ ಕೇಳಿದರು.

"ಸರಿಯಾಗಿದೆ ಸಾರ್."

ಇಷ್ಟೇ ಎರಡು ಮಾತು. ಬಾಯಿಗೆ ತಾನಾಗಿ ಬಂತು. ಕೆಲಸ ಹೋಗುತ್ತದೆ ಎಂಬ ಭಯವೋ, ಪೊಲೀಸರು ಬರುತ್ತಾರೆ ಎಂಬ ಭಯವೋ, ಯಾವುದು ಮೊದಲು ಬಂತೋ ಈಗ ಹೇಳಲಾರೆ.

"ಹಂಗಾದ್ರೆ ಮೆಷೀನೇ ಹುಚ್ಚಾಟ ಆಡ್ತಿರ್ಬೇಕು," ಎಂದು ಅವರು ತಮಗೇ ಸಮಾಧಾನ ಹೇಳಿಕೊಂಡರು. "ಇಂಜಿನಿಯರ್ ಸಾಹೇಬ್ರು ನಾಲ್ಕು ಗಂಟೆಗೆ ಬರ್ತಾರೆ. ಈಗ ಆ ಆಸ್ಪತ್ರೆಲೇ ಕೂತಿದ್ದಾರೆ, ಮೆಷೀನ್ ತಗೊಳ್ಳೋರ ಎದುರ್ಗೆ. ಅಲ್ಲಿಗೆ ಫೋನ್ ಮಾಡಿ ಮೆಷೀನ್ ಕೆಟ್ಟಿದೆ ಅಂತ ಕೂಗಿದ್ರೆ ಮಾನ ಹೋಗುತ್ತೆ. ಗುಂಡಿ ಒಡ್ದಿದ್ರೆ ಮಾತು ಬೇರೆ. ಅವರು ಬರೋವರ್ಗೂ ಯಾರೂ ಆಚೆ ಹೋಗ್ಬೇಡಿ, ಯಾರನ್ನೂ ಮುಟ್ಬೇಡಿ."

ವಿಕಿರಣ ಅಳೆದು ನೋಡಲು ಬೇರೆ ಮೀಟರು ಇರಲಿಲ್ಲ. ಇದ್ದೊಂದನ್ನು ಇಂಜಿನಿಯರೇ ಒಯ್ದಿದ್ದರು. ನಾವು ಕೈ ತೊಳೆದೆವು. ಬಟ್ಟೆ ಸೋಪಿನಲ್ಲಿ, ಬೂದಿಯಲ್ಲಿ, ಕೊನೆಗೆ ಫೋರ್ಮನ್ನು ಸೀಮೆಎಣ್ಣೆ ತಂದರು. ನಾನು ಏಳು ಸಲ ತೊಳೆದೆ. ಚರ್ಮ ಕೆಂಪಾಗಿ ಉರಿಯುವ ಹಾಗಾಯಿತು. ಒಂದೊಂದು ಸಲವೂ ಓಡಿಬಂದು ಟ್ಯೂಬಿಗೆ ಹಿಡಿದರೆ ಸದ್ದು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಏಳು ಸಲ ತೊಳೆದರೂ ಸ್ವಲ್ಪವೂ ಕಡಿಮೆಯಾಗದ ಪುಡಿ ಇರುತ್ತದೆಯೇ ಎಂದು ಬುದ್ಧಿ ಇದ್ದವನು ಕೇಳಿಕೊಳ್ಳುತ್ತಿದ್ದ. ನನ್ನ ಬುದ್ಧಿ ಆ ಹೊತ್ತಿನಲ್ಲಿ ಬಾಚಣಿಗೆಯ ಮೇಲಿತ್ತು. ಸ್ಟ್ಯಾಂಡಿನಲ್ಲಿ ಗುಂಡಿ ಹಾಗೇ ಕೂತಿತ್ತು. ಎ ಚಾನೆಲ್ಲು ತನ್ನ ಪಾಡಿಗೆ ಎಣಿಸುತ್ತಿತ್ತು. ಅದರ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ಅಕ್ಕನ ಮಗುವಿಗೆ ಆಗ ಐದು ತಿಂಗಳು. ಮನೆ ಮತ್ತೀಕೆರೆಯಲ್ಲಿ, ನಡೆದರೆ ಕಾಲು ಗಂಟೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಓಡಿಹೋಗಿ ಹಾಲೂಡಿಸಿ ಬರುತ್ತಿದ್ದಳು. ಅವತ್ತು ಒಂದು ಹೊಡೆಯಿತು, ಅವಳು ಏಳಲಿಲ್ಲ. ಕೈಗಳನ್ನು ತೊಡೆಯ ಮೇಲೂ ಇಡದೆ ಗಾಳಿಯಲ್ಲಿ ಹಿಡಿದು ಕೂತಿದ್ದಳು.

ಒಂದೂವರೆಯ ಹೊತ್ತಿಗೆ ಗೇಟಿನ ಹತ್ತಿರ ಮಗುವಿನ ಅಳು ಕೇಳಿಸಿತು. ಸೊಸೆ ಬರಲಿಲ್ಲವೆಂದು ಅತ್ತೆ ಬಿಸಿಲಿನಲ್ಲಿ ಮಗುವನ್ನೇ ಎತ್ತಿಕೊಂಡು ಬಂದಿದ್ದಳು. ಅಕ್ಕ ಶೆಡ್ಡಿನ ಬಾಗಿಲಿನವರೆಗೆ ಹೋಗಿ ಗೇಟಿನಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತಳು.

"ಒಳಗ್ ಬರ್ಬೇಡಿ ಅತ್ತೆ! ಅಲ್ಲೇ ಇರಿ!"

"ಏನ್ ಬಂತೇ ನಿಂಗೆ? ಹೊಟ್ಟೆ ಹಸ್ಕೊಂಡು ದಾರಿಯುದ್ದಕ್ಕೂ ಒಂದೇ ಸಮ ಕಿರಿಚ್ತಾ ಇತ್ತು. ತಗೋ ಇದನ್ನ."

"ಕೈಗೆ ಏನೋ ಆಗಿದೆ ಅತ್ತೆ. ಮುಟ್ಟಂಗಿಲ್ಲ. ಮನೆಗ್ ಕರ್ಕೊಂಡು ಹೋಗಿ. ಗಂಜಿ ತಿಳಿ ಕುಡ್ಸಿ."

"ತೊಳ್ಕೊಂಡು ಬಾರೇ!"

"ತೊಳೆದ್ರೂ ಹೋಗ್ತಿಲ್ಲ!" ಎಂದು ಅಕ್ಕ ಕೂಗಿದಳು. ಅವಳು ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅತ್ತೆ ಗೊಣಗುತ್ತಾ ಹೋದಳು. ಅಳು ರೈಲ್ವೆ ಗೇಟಿನ ಕಡೆ ಸಣ್ಣಗಾಗುತ್ತಾ ಹೋಯಿತು. ಅಕ್ಕ ವಾಪಸು ಬಂದು ಕೂತಾಗ ಅವಳ ರವಿಕೆಯ ಎದೆಭಾಗ ಹಾಲಿನಿಂದ ತೋಯ್ದಿತ್ತು.

ಆಗ ನನ್ನ ಕಾಲು ತಾನೇ ಎದ್ದು ಫೋರ್ಮನ್ನರ ಮುಂದೆ ಹೋಗಿ ನಿಂತಿತು. 

"ಗುಂಡಿ ಬೀಳಿಸ್ದೆ ಸಾರ್. ಬೆಳಿಗ್ಗೆ. ಪೊರಕೇಲಿ ಗುಡಿಸ್ದೆ. ಅದೇ ಪೊರಕೆ ಅಕ್ಕ ತಗೊಂಡ್ರು."

ಫೋರ್ಮನ್ನು ಕೈ ಎತ್ತಿದರು. ನನ್ನ ಕೆನ್ನೆಗೆ ಬಾರಿಸಿದರೆ ಇನ್ನಷ್ಟು ಅಂಟಿಕೊಳ್ಳುತ್ತದೆ ಎಂದು ನೆನಪಾಗಿರಬೇಕು, ಕೆಳಗಿಳಿಸಿದರು. ವಿಕಿರಣದಿಂದ ನನಗಾದ ಲಾಭ ಅದೊಂದೇ. ಅಕ್ಕ ನನ್ನನ್ನು ನೋಡಿದಳು. ಆ ನೋಟಕ್ಕಿಂತ ಏಟು ಎಷ್ಟೋ ವಾಸಿ.

"ನಡಿ ಆಫೀಸಿಗೆ. ಫೋನ್ ಮಾಡು. ನೀನೇ ಹೇಳು, ನಾನ್ ಹೇಳಲ್ಲ," ಎಂದರು ಫೋರ್ಮನ್ನು.

ಆಫೀಸು ಶೆಡ್ಡಿನ ಇನ್ನೊಂದು ತುದಿಯಲ್ಲಿ. ಆಪರೇಟರು ಲೈನು ಕೊಡಿಸಿ, ಆಸ್ಪತ್ರೆಯವರು ಇಂಜಿನಿಯರನ್ನು ಹುಡುಕಿ ಕರೆತರುವಷ್ಟರಲ್ಲಿ ಇನ್ನೊಂದಷ್ಟು ಕೂದಲು ಹೋಗಿರಬೇಕು. ನಮ್ಮ ಫೋನಿನಲ್ಲಿ ಯಾವಾಗಲೂ ಬೇರೆಯವರ ಮಾತು ಸಣ್ಣಗೆ ಕೇಳುತ್ತಲೇ ಇರುತ್ತದೆ. ಅವತ್ತೂ ಯಾರೋ ಹೆಂಗಸು ಮದುವೆಯ ಮಾತಾಡುತ್ತಿದ್ದಳು. ಅದರ ನಡುವೆ ನಾನು ಎಲ್ಲವನ್ನೂ ಹೇಳಿದೆ: ಬಿದ್ದದ್ದು, ಪೊರಕೆ, ಮೀಸೆ, ಏಳು ಸಲ ತೊಳೆದದ್ದು, ಮಗು.

ಇಂಜಿನಿಯರು ಬೈಯಲಿಲ್ಲ. ಅದರಿಂದ ನನ್ನ ಭಯ ಎರಡರಷ್ಟಾಯಿತು.

"ಗುಂಡಿ ಈಗ ಎಲ್ಲಿದೆ?"

"ಸ್ಟ್ಯಾಂಡಲ್ಲೇ ಸಾರ್, ಎ ಟ್ಯೂಬ್ ಕೆಳಗೆ."

"ಕೈಯಲ್ಲಿ ಮುಟ್ಟಿದ್ರಾ?"

"ಇಲ್ಲ ಸಾರ್. ಪೊರಕೆ, ಇಕ್ಕಳ, ಅಷ್ಟೇ."

"ಸರಿ. ಹೋಗಿ ಅದನ್ನ ಇಕ್ಕಳದಲ್ಲಿ ತೆಗೆದು ಸೀಸದ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ. ಆಮೇಲೆ ಬಿ ಟ್ಯೂಬನ್ನ ಎಲ್ಲರ ಕೈಗೂ ಹಿಡೀರಿ. ಪೊರಕೆಗೆ ಹಿಡೀರಿ. ಬಿದ್ದ ಜಾಗಕ್ಕೆ ಹಿಡೀರಿ. ಏನನ್ನುತ್ತೆ ಬಂದು ಹೇಳಿ. ನಿಧಾನವಾಗಿ ಮಾಡಿ ಕಣ್ರೀ. ನಾನು ಫೋನ್ ಹಿಡಿದೇ ಇರ್ತೀನಿ."

ಇಕ್ಕಳದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಗುಂಡಿಯನ್ನು ಎತ್ತಿದೆ. ಸ್ಟ್ಯಾಂಡಿನಿಂದ ಅದನ್ನು ಈಚೆ ತರುತ್ತಿದ್ದ ಹಾಗೆ ಬೆಂಚಿನ ಆ ತುದಿಯಲ್ಲಿದ್ದ ಬಿ ಟ್ಯೂಬಿನ ಸದ್ದು ಇಳಿಯಿತು. ಡಬ್ಬಿ ಮುಚ್ಚಿದೆ.

ಟಿಕ್.

ಬಹಳ ಹೊತ್ತು ಏನೂ ಇಲ್ಲ. ಮತ್ತೆ, ಟಿಕ್.

ಟ್ಯೂಬನ್ನು ನನ್ನ ಕೈಗೆ ಹಿಡಿದೆ. ಅದೇ ಸೋಮಾರಿ ಟಿಕ್. ಅಕ್ಕ ಓಡಿಬಂದು ಕೈ ಒಡ್ಡಿದಳು. ಅದೇ. ಸೆರಗು, ಪೊರಕೆ, ಬೆಂಚಿನ ಕೆಳಗಿನ ನೆಲ, ಫೋರ್ಮನ್ನರ ಮೀಸೆ, ಎಲ್ಲವೂ ಅದೇ. ಮೀಸೆಗೆ ಅವರು ಮೂರು ಸಲ ಹಿಡಿಸಿಕೊಂಡರು.

"ನಿಂತೋಯ್ತು ಸಾರ್!" ಎಂದು ಫೋನಿನಲ್ಲಿ ಕಿರುಚಿದೆ.

"ಮೈಗೆ ಪುಡಿ ಹತ್ತಿದ್ರೆ, ಗುಂಡೀನ ಡಬ್ಬಿಗೆ ಹಾಕಿದ ತಕ್ಷಣ ಮೈ ಸುಮ್ಮನಾಗ್ತಿತ್ತಾ?" ಎಂದರು ಇಂಜಿನಿಯರು. "ಇನ್ನೊಂದು ಕೆಲಸ. ಬಿ ಟ್ಯೂಬನ್ನ ಕೇಬಲ್ಲಿಂದ ಬಿಚ್ಚಿ ಪಕ್ಕಕ್ಕಿಡಿ. ಗುಂಡೀನ ಮತ್ತೆ ಎ ಕೆಳಗೆ ಇಡಿ. ಬಿ ಸ್ಪೀಕರ್ ಕೇಳಿ ಬನ್ನಿ."

ಮತ್ತೆ ಡಬ್ಬಿ ತೆರೆಯಬೇಕೇ? ಆದರೆ ಈಗ ಹಿಂದಿನಿಂದ ಅಕ್ಕ ನೋಡುತ್ತಿದ್ದಳು. ಟ್ಯೂಬನ್ನು ಬಿಚ್ಚಿ ಕಿಟಕಿಯಲ್ಲಿಟ್ಟೆ. ಕೇಬಲ್ಲಿನ ತುದಿ ಬರಿದಾಗಿ ನೇತಾಡುತ್ತಿತ್ತು. ಗುಂಡಿಯನ್ನು ಎ ಕೆಳಗೆ ಇಟ್ಟೆ.

ಸ್ಪೀಕರು ಸಾಸಿವೆ ಸಿಡಿಸತೊಡಗಿತು. ಕಿವಿಯೇ ಇಲ್ಲದವನು ಕೇಳಿಸಿಕೊಳ್ಳುತ್ತಿದ್ದಾನೆ. ದೆವ್ವದ ವಿಷಯದಲ್ಲಿ ನಾನು ವಿಚಾರವಾದಿ, ಆದರೆ ಹಗಲಲ್ಲಿ ಮಾತ್ರ. ಅದು ಹಗಲೇ ಆಗಿತ್ತು, ಆದರೂ ಓಡಿದೆ.

"ಟ್ಯೂಬೇ ಇಲ್ಲ ಸಾರ್, ಆದ್ರೂ ಎಣಿಸ್ತಿದೆ!"

"ಫೋನಲ್ಲಿ ಈಗ ನನ್ನ ಬಿಟ್ಟು ಇನ್ಯಾರ ಮಾತಾದ್ರೂ ಕೇಳ್ತಿದ್ಯಾ ನಿಮಗೆ?"

"ಕೇಳ್ತಿದೆ ಸಾರ್. ಯಾರೋ ಹುಡುಗಿ ಜಾತಕ ಕೂಡಲಿಲ್ಲ ಅಂತಿದ್ದಾರೆ."

"ಅವರು ನಿಮಗೆ ಫೋನ್ ಮಾಡಿದ್ರೇನು?"

"ಇಲ್ಲ ಸಾರ್."

"ಅವರ ತಂತಿಯೂ ನಮ್ಮ ತಂತಿಯೂ ಒಂದಕ್ಕೊಂದು ಮುಟ್ಟಿಲ್ಲ. ಆದ್ರೆ ಎಷ್ಟೋ ದೂರ ಅಕ್ಕಪಕ್ಕ ಬಂದಿದಾವೆ. ಅದಕ್ಕೇ ಅವರ ಮಾತು ನಮಗೆ ಹಾಯುತ್ತೆ. ಕ್ರಾಸ್‌ಟಾಕ್ ಅಂತಾರೆ. ನಿಮ್ಮ ಮೆಷೀನಲ್ಲಿ ಎ ಚಾನೆಲ್ಲಿಗೆ ಬಿದ್ದ ಏಟೆಲ್ಲ ಬಿ ಚಾನೆಲ್ಲಿಗೆ ಹಾಯ್ತಿದೆ. ಬಿ ಟ್ಯೂಬಿಗೆ ಬೆಳಿಗ್ಗೆಯಿಂದ ಏನೂ ಕಂಡಿಲ್ಲ, ಪಾಪ." ಹಾಗೇ ಕೇಳಿದರು: "ಈ ಸೆಟ್ಟಿನ ತಂತಿ ಕಟ್ಟಿದ್ದು ಯಾರು?"

"ನಾನೇ ಸಾರ್."

ಆಮೇಲೆ ಲೈನಿನಲ್ಲಿ ಜಾತಕದ ಮಾತು ಮಾತ್ರ ಕೇಳುತ್ತಿತ್ತು.

ನಾನು ಆಫೀಸಿನಿಂದ ಈಚೆ ಬಂದು, "ಏನೂ ಇಲ್ವಂತೆ ಅಕ್ಕಾ, ಪುಡಿ ಇಲ್ವಂತೆ," ಎನ್ನುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಚಪ್ಪಲಿ ಸ್ಟೂಲಿನ ಕೆಳಗೇ ಇತ್ತು.

ನಾಲ್ಕಕ್ಕೆ ಬರಬೇಕಾದ ಇಂಜಿನಿಯರು ಮೂರಕ್ಕೇ ಬಂದರು. ಮೊದಲು ಗುಂಡಿಯನ್ನು ಒದ್ದೆ ಹತ್ತಿಯಲ್ಲಿ ಇಕ್ಕಳದಿಂದ ಒರೆಸಿ, ಹತ್ತಿಯನ್ನು ತಾವು ತಂದಿದ್ದ ಮೀಟರಿಗೆ ಹಿಡಿದು ನೋಡಿದರು. ನೆಲ ಒರೆಸಿ ನೋಡಿದರು. ಪೊರಕೆಯ ಕಡ್ಡಿ ಕಡ್ಡಿ ನೋಡಿದರು. ಹೊದಿಕೆ ಒಡೆದಿರಲಿಲ್ಲ. "ಅದೃಷ್ಟ," ಎಂದರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಗುಂಡಿಯನ್ನು ಮತ್ತೆ ಎ ಕೆಳಗಿಟ್ಟು, ಯಂತ್ರ ಬಿಚ್ಚಿ, ಬಿಳಿ ಹಳದಿ ಎರಡೂ ತಂತಿಗೆ ಆಸಿಲೋಸ್ಕೋಪು ಹಚ್ಚಿದರು; ತಂತಿಯಲ್ಲಿ ಓಡುವ ಏಟನ್ನು ಅದು ಗೆರೆಯಾಗಿ ತೋರಿಸುತ್ತದೆ. ಪರದೆಯ ಮೇಲೆ ಎ ಚಾನೆಲ್ಲಿನ ಏಟು ತೆಂಗಿನಮರದಷ್ಟು ಎತ್ತರಕ್ಕೆ ನೆಟ್ಟಗೆ ಎದ್ದು, ಮಟ್ಟಸವಾಗಿ ನಿಂತು, ನೆಟ್ಟಗೆ ಬೀಳುತ್ತಿತ್ತು. ಹಳದಿ ತಂತಿಯಲ್ಲಿ ಅದು ಏಳುವ ಕ್ಷಣಕ್ಕೆ ಸರಿಯಾಗಿ ಮೇಲ್ಮುಖವಾಗಿ ಒಂದು ಮುಳ್ಳು, ಬೀಳುವ ಕ್ಷಣಕ್ಕೆ ಕೆಳಮುಖವಾಗಿ ಇನ್ನೊಂದು. ನಡುವೆ ಏನೂ ಇಲ್ಲ. ಬಿ ಚಾನೆಲ್ಲು ಎಣಿಸುತ್ತಿದ್ದದ್ದು ಆ ಮೇಲಿನ ಮುಳ್ಳನ್ನು.

"ರಿಲೇ ಬೋರ್ಡಲ್ಲೂ ಹಿಂಗೇ ಕಟ್ತಿದ್ದೆ ಸಾರ್, ಏನೂ ಆಗ್ತಿರ್ಲಿಲ್ಲ," ಎಂದು ಗೊಣಗಿದೆ.

"ಅಲ್ಲಿ ವೋಲ್ಟೇಜು ಎತ್ತಿನ ಗಾಡೀಲಿ ಬರುತ್ತೆ. ಬಂದು ರಿಲೇನ ಎಬ್ಬಿಸೋಕೆ ಬೇಕಾದಷ್ಟು ಬಲವೂ ಬೇಕು, ಈ ಮುಳ್ಳಿಗೆಲ್ಲ ಅದು ಜಗ್ಗಲ್ಲ. ಇಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನೊಳಗೆ ಏಳುತ್ತೆ. ಎಷ್ಟು ಬೇಗ ಎದ್ರೆ ಪಕ್ಕದ ತಂತಿ ಅಷ್ಟು ಬೆಚ್ಚುತ್ತೆ. ಎಷ್ಟು ಹತ್ತಿರ, ಎಷ್ಟು ದೂರ ಜೊತೇಲಿ, ಅಷ್ಟು ಜಾಸ್ತಿ." ಯಂತ್ರದ ಒಂದು ಗುಬುಟನ್ನು ತಿರುಗಿಸಿ, ಏಟು ನಿಧಾನವಾಗಿ ಓರೆಯಾಗಿ ಏರುವ ಹಾಗೆ ಮಾಡಿ ತೋರಿಸಿದರು. ಮರ ಗುಡ್ಡವಾಯಿತು, ಮುಳ್ಳು ಹುಲ್ಲುಗರಿಯಷ್ಟಾಗಿ ಮಲಗಿತು. ಮತ್ತೆ ಚೂಪು ಮಾಡಿದರು. ಮುಳ್ಳು ಎದ್ದಿತು.

ಅಷ್ಟರಲ್ಲಿ ಅಕ್ಕ ವಾಪಸು ಬಂದಿದ್ದಳು. ಇಂಜಿನಿಯರು ಅವಳ ಕೈಗೆ ಬ್ಲೇಡು ಕೊಟ್ಟರು. "ಒಂದೊಂದೇ ಗಂಟು ಕೊಯ್ಯಮ್ಮ. ನೀವು ಪರದೆ ನೋಡ್ತಾ ನಿಂತ್ಕೊಳ್ರಿ," ಎಂದು ನನಗೆ ಹೇಳಿದರು.

ಅವಳು ಕೊಯ್ದಳು. ಒಂದೊಂದು ಗಂಟು ಬಿದ್ದು ಬಿಳಿ ತಂತಿ ಹಳದಿಯಿಂದ ಅಷ್ಟಷ್ಟೇ ದೂರ ಸರಿದ ಹಾಗೆ ಮುಳ್ಳು ಅಷ್ಟಷ್ಟೇ ಕುಗ್ಗಿತು. ಅರ್ಧದಷ್ಟು ಗಂಟು ಹೋದಾಗ ಬಿ ಎಣಿಕೆ ತಡವರಿಸಿತು: ಒಂದು ಬಿಟ್ಟು ಒಂದು ಟಿಕ್. ಮುಳ್ಳಿನ ತುದಿ ಬಿ ಎಣಿಸುವ ಮಟ್ಟಕ್ಕೆ ಆಗ ಎಟಕಿಯೂ ಎಟಕದ ಹಾಗಿತ್ತು. ಇನ್ನೂ ನಾಲ್ಕು ಕೊಯ್ದ ಮೇಲೆ ನಿಂತೇಹೋಯಿತು. ಕೊನೆಗೆ ಅವಳು ಎರಡರ ನಡುವೆ ಒಂದು ಬೋಳು ತಂತಿ ಎಳೆದು ಎರಡೂ ತುದಿಯನ್ನು ಯಂತ್ರದ ಲೋಹದ ಚೌಕಟ್ಟಿಗೆ ಬೆಸೆದಳು. ಪರದೆಯ ಮೇಲೆ ಮುಳ್ಳಿದ್ದ ಕಡೆ ಒಂದು ಸುಕ್ಕು ಮಾತ್ರ ಉಳಿಯಿತು. ಯಾವ ಕೆಲಸವೂ ಇಲ್ಲವೆಂದು ನಾನು ನಕ್ಕಿದ್ದ ತಂತಿ ಅದು.

"ನಿನಗೆ ಹೇಗಮ್ಮ ಗೊತ್ತಾಯ್ತು ಇದು?" ಇಂಜಿನಿಯರು ಕೇಳಿದರು.

"ಮೊದಲ್ನೇ ಸೆಟ್ಟಲ್ಲಿ ಸ್ಪೀಕರು ಸುಮ್‌ಸುಮ್ನೆ ಕಿರಿಗುಟ್ತಿತ್ತು ಸಾರ್. ಬಿದಿರ್ ಕಡ್ಡೀಲಿ ಒಂದೊಂದೇ ತಂತಿ ಆಚೀಚೆ ಸರಿಸ್ತಾ ಹೋದೆ. ಇವೆರಡು ದೂರ ಆದಾಗ ನಿಲ್ತು. ಅವತ್ತಿಂದ ದೂರಾನೇ ಹಾಕ್ತೀನಿ."

"ನಮಗ್ಯಾಕೆ ಹೇಳ್ಲಿಲ್ಲ?" ಎಂದರು ಫೋರ್ಮನ್ನು.

"ಹೇಳ್ದೆ. ಬಣ್ಣ ಹೊಂದಲ್ವಾ ಅಂದ."

ಗುಂಡಿಯ ಡಬ್ಬಿ ಇನ್ನು ಮುಂದೆ ಅಕ್ಕನ ವಶ, ನಾನು ಅದರಿಂದ ಮೂರು ಮಾರು ದೂರ ಎಂದು ಇಂಜಿನಿಯರು ತೀರ್ಪು ಕೊಟ್ಟರು. ಕೆಲಸದಿಂದ ತೆಗ್ದಿದ್ದಾರಾ ಇಲ್ಲವಾ ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ನಾಳೆ ಬಂದು ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡೆ.

ಐದೂವರೆಗೆ ಅಕ್ಕ ಹೊರಟಳು. ನಾನು ಸೈಕಲ್ಲು ತಳ್ಳಿಕೊಂಡು ರೈಲ್ವೆ ಗೇಟಿನವರೆಗೆ ಪಕ್ಕದಲ್ಲಿ ನಡೆದೆ. ಗೇಟು ಹಾಕಿತ್ತು. ಗೂಡ್ಸು ಗಾಡಿಯ ಡಬ್ಬಿಗಳು ಮುಗಿಯುವವರೆಗೆ ಇಬ್ಬರೂ ನಿಂತೆವು. ಅಷ್ಟು ಹೊತ್ತಿಗೆ ನನ್ನ ಹತ್ತಿರ ಮೂರು ಜೋಕು ತಯಾರಾಗಿದ್ದವು; ಒಂದೂ ಬಾಯಿಗೆ ಬರಲಿಲ್ಲ.

"ತಪ್ಪಾಯ್ತು ಅಕ್ಕಾ. ನೀವು ಹೇಳಿದ್ರೂ ತಂತಿ ಹಂಗೆ ಕಟ್ಟಿದ್ದು," ಎಂದೆ.

"ತಂತಿ ಬಿಡೋ," ಎಂದಳು ಅವಳು, ಗಾಡಿಯ ಕಡೆಯೇ ನೋಡುತ್ತಾ. "ಮೊದಲ್ನೇ ಸಲ ನಾನೂ ತಪ್ಪಾಗೇ ಕಟ್ಟಿದ್ದೆ. ಗುಂಡಿ ಯಾರ್ ಕೈಯಿಂದಾದ್ರೂ ಜಾರುತ್ತೆ. ಹನ್ನೊಂದೂವರೆಗೆ ನೀನು ಆ ಒಂದು ಮಾತು ಹೇಳಿದ್ರೆ ಅವಾಗ್ಲೇ ಫೋನ್ ಹೋಗಿರೋದು, ಒಂದು ಗಂಟೆಗೆ ನಾನು ಮನೇಲಿರ್ತಿದ್ದೆ. ಮಧ್ಯಾಹ್ನ ಶೆಡ್ ಗೇಟ್ ಹತ್ರ ನನ್ ಮಗು ನನ್ನ ನೋಡಿ ಅಳು ನಿಲ್ಲಿಸ್ತು ಕಣೋ. ಎರಡೂ ಕೈ ಚಾಚ್ತು. ನಾನು ನನ್ ಕೈ ಬೆನ್ನ ಹಿಂದಕ್ಕೆ ಕಟ್ಕೊಂಡೆ."